ಹನ್ನೆರಡರ ಹಸಿವು

ಕನ್ನಡದಲ್ಲಿ ಅನ್ನಕ್ಕೆ ಸಂಬಂಧಿಸಿದ ಮಾತುಗಳು ಹಲವಾರು ಇವೆ. ಅವುಗಳಲ್ಲಿ ‘ದಾಸೋಹ’ದಷ್ಟು ವಿನಯವನ್ನು ಹೊತ್ತ ಮಾತು ಮತ್ತೊಂದಿರಲಾರದು. ‘ದಾಸಃ ಅಹಮ್’, ನಾನು ಸೇವಕ, ಎಂಬ ಎರಡು ಸಂಸ್ಕೃತ ಪದಗಳು ಶರಣರ ಬಾಯಲ್ಲಿ ಬೆರೆತು ಒಂದಾದಾಗ, ಉಂಡವನಲ್ಲ, ಬಡಿಸಿದವನೇ ಋಣಿ ಎಂಬ ಭಾವವು ಅದರೊಳಗೆ ಬಂದು ನೆಲೆಸಿತು. 2002ರಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಸರ್ಕಾರಿ ಯೋಜನೆಗಳ ಹೆಸರುಗಳಲ್ಲಿ ಇಷ್ಟು ಒಳ್ಳೆಯ ಕನ್ನಡ ಅಪರೂಪ. ಆ ಹೆಸರನ್ನು ಸೂಚಿಸಿದವರು ಯಾರೇ ಆಗಿರಲಿ, ಕನ್ನಡದ ಅಧ್ಯಾಪಕನಾದ ನಾನು ಅವರಿಗೆ ಮನಸ್ಸಿನಲ್ಲಿಯೇ ಹಲವು ಸಲ ಕೈಮುಗಿದಿದ್ದೇನೆ.

ಶರಣರ ಈ ಮಾತನ್ನು ದಕ್ಷಿಣ ಕನ್ನಡದ ಒಂದು ಹಳ್ಳಿಯಲ್ಲಿ, ಇಗರ್ಜಿಯ ಆವರಣದಲ್ಲಿರುವ ಕಥೋಲಿಕ ಶಾಲೆಯ ಅಡುಗೆಮನೆಯ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಬರೆದಿರುವುದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕಾಗಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಶಾಲೆಯ ಹಿಂದಿನ ಮುರಕಲ್ಲಿನ ನೆಲವನ್ನು ಅಗೆದು, ಬಸಳೆಗೆ ಚಪ್ಪರ ಕಟ್ಟಿ, ಹರಿವೆಯ ಪಾತಿ ಮಾಡಿ, ನಾಲ್ಕು ನುಗ್ಗೆಯ ಕೊಂಬೆಗಳನ್ನು ಊರುವುದು ನಮ್ಮ ಕೆಲಸ. ಏಳು ದಿನದ ಶಿಬಿರ ಮುಗಿಯಿತು. ಬಸಳೆ ಚಿಗುರಿತೋ ಇಲ್ಲವೋ ನೋಡಿಬರುವ ನೆವದಲ್ಲಿ ಆಮೇಲೆಯೂ ಎಷ್ಟೋ ಸಲ ಹೋದೆ. ಶಾಲೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಂಥವು ಕರಾವಳಿಯಲ್ಲಿ ಅನೇಕ ಇರುವುದರಿಂದ ಹೇಳುವ ಅಗತ್ಯವೂ ಇಲ್ಲ.

ಕರಾವಳಿಯ ಕಥೋಲಿಕರಲ್ಲಿ ಪಾಠಕ್ಕೂ ಪಥ್ಯಕ್ಕೂ ನಂಟು ಹಳೆಯದು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತ್ ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. ಅದೇ ವರ್ಷ ಅವರಲ್ಲೊಬ್ಬರಾದ ಫಾದರ್ ಮುಲ್ಲರ್ ಹೋಮಿಯೋಪಥಿ ಔಷಧವನ್ನು ಹಂಚತೊಡಗಿದರು. ಹಳ್ಳಿಯ ಇಗರ್ಜಿಗಳೂ ತಮ್ಮ ಯೋಗ್ಯತೆಗೆ ತಕ್ಕಂತೆ ಪಕ್ಕದಲ್ಲಿಯೇ ಒಂದೊಂದು ಕನ್ನಡ ಶಾಲೆಯನ್ನು ಕಟ್ಟಿಕೊಂಡವು. ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮನೆಗಳ ಮಕ್ಕಳು ಅಲ್ಲಿ ಒಟ್ಟಿಗೆ ಕುಳಿತು ಕನ್ನಡ ಕಲಿತರು. ಮುಂದೆ ಅನುದಾನಿತ ಶಾಲೆಗಳಿಗೂ ಹಿರಿಯ ತರಗತಿಗಳಿಗೂ ಬಿಸಿಯೂಟ ವಿಸ್ತರಿಸಿದಾಗ ಒಟ್ಟಿಗೆ ಕುಳಿತು ಉಣ್ಣುವುದನ್ನೂ ಕಲಿತರು. ನನ್ನ ತಂದೆಯ ತಲೆಮಾರಿನವರು 1960ರ ದಶಕದಲ್ಲಿ ಅಮೆರಿಕದಿಂದ ಬರುತ್ತಿದ್ದ ಹಾಲಿನ ಪುಡಿಯನ್ನೂ ‘ಕೇರ್’ ಸಂಸ್ಥೆಯ ಉಪ್ಪಿಟ್ಟನ್ನೂ ಇಂದಿಗೂ ನೆನೆದು ಬಾಯಿ ಚಪ್ಪರಿಸುವುದುಂಟು. ಆದರೆ ಅದು ಪರದೇಶದ ಔದಾರ್ಯ. ಇದು ಹಾಗಲ್ಲ, 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿದ ಮೇಲೆ ಬಂದದ್ದು. ಎಂದರೆ, ಮಗುವಿನ ಹಕ್ಕು.

ಆರರಿಂದ ಎಂಟನೆಯ ತರಗತಿಯ ವಯಸ್ಸನ್ನು ನಾವು ಯಾರೂ ಸರಿಯಾಗಿ ಗಮನಿಸುವುದಿಲ್ಲ. ಚಿಕ್ಕ ಮಕ್ಕಳನ್ನು ಮುದ್ದಿಸುತ್ತೇವೆ, ಹತ್ತನೆಯ ತರಗತಿಯವರಿಗೆ ಹೆದರಿಸುತ್ತೇವೆ. ನಡುವಿನವರು ತಮ್ಮಷ್ಟಕ್ಕೆ ಬೆಳೆಯುತ್ತಾರೆಂದು ಬಿಟ್ಟುಬಿಡುತ್ತೇವೆ. ದೇಹವಾದರೋ ತನ್ನ ಎರಡನೆಯ ದೊಡ್ಡ ಬೆಳವಣಿಗೆಗೆ ಕೈಹಾಕುವುದು ಆಗಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ಪ್ರಾಯದ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಸಾಕು. ಹತ್ತರಿಂದ ಹನ್ನೆರಡು ವರ್ಷದ ಹುಡುಗಿಗೆ 28 ಬೇಕು. ಗದ್ದೆ ಉಳುವ ತಂದೆಗಿಂತ ಪುಸ್ತಕದ ಚೀಲ ಹೊತ್ತ ಮಗಳಿಗೆ ಹೆಚ್ಚು! ನಮ್ಮ ಮನೆಗಳಲ್ಲಿ ಬಡಿಸುವ ಕ್ರಮ ಇದಕ್ಕೆ ತೀರ ತಿರುವುಮುರುವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2016ರಿಂದ 2018ರವರೆಗೆ ನಡೆದ ರಾಷ್ಟ್ರೀಯ ಸಮಗ್ರ ಪೋಷಣ ಸಮೀಕ್ಷೆಯಲ್ಲಿ, ಹತ್ತರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಹುಡುಗರಲ್ಲಿ ಅದು ಸುಮಾರು 18.

ಶಾಲೆಯ ಬಟ್ಟಲು ಈ ಕೊರತೆಯನ್ನು ಎಷ್ಟರ ಮಟ್ಟಿಗೆ ತುಂಬಬಲ್ಲುದು? ಹಿರಿಯ ಪ್ರಾಥಮಿಕದ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ: ಇವುಗಳಿಂದ 700 ಕ್ಯಾಲೊರಿ, 20 ಗ್ರಾಂ ಸಸಾರಜನಕ ಸಿಗಬೇಕೆಂಬುದು ನಿಯಮ. ಬೆಳಗ್ಗೆ ಹಾಲು ಕೊಡುವ ‘ಕ್ಷೀರಭಾಗ್ಯ’ ಬಂದದ್ದು 2013ರ ಆಗಸ್ಟಿನಲ್ಲಿ. ಮೊಟ್ಟೆಯನ್ನು 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಆರಂಭಿಸಿದ ಸರ್ಕಾರವು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿಸಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನಕ್ಕೆ ವಿಸ್ತರಿಸಿತು. ಬೇಡವೆಂದವರಿಗೆ ಬಾಳೆಹಣ್ಣು. ಮೊಟ್ಟೆಯ ವಿಷಯದಲ್ಲಿ ನಾಡಿನಲ್ಲಿ ನಡೆದ ವಾದವಿವಾದಗಳು ಓದುಗರಿಗೆ ತಿಳಿದೇ ಇವೆ. ನಾನು ಕಂಡ ಶಾಲೆಯಲ್ಲಿ ಅದೊಂದು ಸಮಸ್ಯೆಯೇ ಆಗಿರಲಿಲ್ಲ. ಬೇಕಾದವರು ತಿಂದರು, ಬೇಡವಾದವರು ಹಣ್ಣನ್ನು ಸುಲಿದರು. ಪಕ್ಕದವನ ಬಟ್ಟಲಿನಲ್ಲಿ ಏನಿದೆಯೆಂದು ಇಣುಕಿದವರು ಆಸೆಯಿಂದ ಇಣುಕಿದರೇ ಹೊರತು ಅಸಹ್ಯದಿಂದಲ್ಲ.

ಕರಾವಳಿಯವನಾದ ನನಗೆ ಒಂದೇ ಒಂದು ತಕರಾರು. ಗಂಜಿಯನ್ನುಂಡು ಬೆಳೆದ ನಾಲಿಗೆಗೆ ಬೆಳ್ತಿಗೆ ಅನ್ನ ಸಪ್ಪೆ. ಇದು ರುಚಿಯ ಮಾತು ಮಾತ್ರವಲ್ಲ. ಭತ್ತವನ್ನು ಮೊದಲು ಬೇಯಿಸಿ ಒಣಗಿಸಿ ಆಮೇಲೆ ಅಕ್ಕಿ ಮಾಡುವಾಗ ತವುಡಿನಲ್ಲಿರುವ ಬಿ ಜೀವಸತ್ವವು ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ. ನಮ್ಮ ಅಜ್ಜಿಯಂದಿರು ಜೀವಸತ್ವದ ಹೆಸರನ್ನು ಕೇಳದೆಯೇ ಕುಚ್ಚಲಕ್ಕಿಯನ್ನು ನಂಬಿದ್ದು ಸುಮ್ಮನಲ್ಲ.

ಇಷ್ಟೆಲ್ಲ ಇದ್ದೂ ಏಳನೆಯ ತರಗತಿಯ ಒಬ್ಬ ಹುಡುಗಿ ಮಧ್ಯಾಹ್ನ ಊಟ ಮಾಡುತ್ತಿರಲಿಲ್ಲ. ನಾನು ಹೋಗಿದ್ದುದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ. ಎಲ್ಲರೂ ಬಟ್ಟಲು ಹಿಡಿದು ಸಾಲಿನಲ್ಲಿ ನಿಂತರೆ ಅವಳು ನಲ್ಲಿಯ ಬಳಿ ಸುಮ್ಮನೆ ಕೈತೊಳೆಯುತ್ತ ನಿಲ್ಲುವಳು. ಕೇಳಿದರೆ, “ನನಗೆ ಉಪವಾಸ, ಸಿಸ್ಟರ್” ಎಂದಳು. ಮುಖ್ಯೋಪಾಧ್ಯಾಯಿನಿಯಾದ ಮಠಸೋದರಿ ನಕ್ಕರು. “ಹದಿನೆಂಟು ತುಂಬಲಿ, ಮಗಾ. ಆಮೇಲೆ ಉಪವಾಸ ಮಾಡುವಿಯಂತೆ. ಈಗ ಬಾ, ಊಟ ಮಾಡುವ.” ಆಮೇಲೆ ಅವರೇ ನನಗೆ ವಿವರಿಸಿದರು: 1983ರ ಧರ್ಮಸಭೆಯ ಕಾನೂನಿನಂತೆ ಉಪವಾಸದ ಕಟ್ಟಳೆ ಅನ್ವಯವಾಗುವುದು ಹದಿನೆಂಟು ತುಂಬಿದವರಿಗೆ, ಮಾಂಸವರ್ಜನೆಯ ನಿಯಮಕ್ಕೂ ಹದಿನಾಲ್ಕು ತುಂಬಿರಬೇಕು. ಹಿರಿಯ ಪ್ರಾಥಮಿಕದ ಮಕ್ಕಳು ಹೆಚ್ಚುಕಡಮೆ ಎಲ್ಲರೂ ಇದರ ಹೊರಗೆ. ಬೆಳೆಯುವ ದೇಹದಿಂದ ದೇವರು ತುತ್ತನ್ನು ಕೇಳುವುದಿಲ್ಲವೆಂದು ರೋಮಿನಲ್ಲಿ ಕುಳಿತು ಕಾನೂನು ಬರೆದವರಿಗೂ ಹೊಳೆದಿತ್ತೆನ್ನಬೇಕು.

ಆದರೆ ಉಪವಾಸ ಬರಿಯ ನೆವ. ನಿಜವಾದ ಕಾರಣ ಅಂಗಳದ ಆಚೆಯಿತ್ತು. ಅದೇ ಆವರಣದಲ್ಲಿ, ಅದೇ ಆಡಳಿತದ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದು ಕೆಲವು ವರ್ಷಗಳ ಹಿಂದೆ ತಲೆಯೆತ್ತಿದೆ. ಅನುದಾನವಿಲ್ಲದ ಶಾಲೆಯಾದ್ದರಿಂದ ಅಲ್ಲಿ ಬಿಸಿಯೂಟವಿಲ್ಲ. ಮಕ್ಕಳು ಟಿಫಿನ್ ಡಬ್ಬಿ ತರುತ್ತಾರೆ. ಈ ಹುಡುಗಿಯ ನೆರೆಮನೆಯ ಗೆಳತಿ ಅಲ್ಲಿ ಓದುತ್ತಾಳೆ. ಇಬ್ಬರೂ ಒಂದೇ ದಾರಿಯಲ್ಲಿ ನಡೆದು ಬಂದು, ಒಂದೇ ಗೇಟಿನಲ್ಲಿ ಅಗಲಿ, ಮಧ್ಯಾಹ್ನ ಒಬ್ಬಳು ಡಬ್ಬಿ ತೆರೆಯುತ್ತಾಳೆ, ಇನ್ನೊಬ್ಬಳು ಬಟ್ಟಲು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆ ಸಾಲು ಗೆಳತಿಗೆ ಕಾಣಬಾರದು. ಹನ್ನೆರಡರ ಪ್ರಾಯದಲ್ಲಿ ಹಸಿವನ್ನು ತಡೆದುಕೊಳ್ಳುವುದು ಸುಲಭ, ಮಾನವನ್ನು ಬಿಟ್ಟುಕೊಡುವುದು ಕಷ್ಟ.

ನಾನು ಕುತೂಹಲಕ್ಕೆಂದು ಆಚೆಯ ಡಬ್ಬಿಗಳನ್ನೂ ನೋಡಿದೆ. ಮೈದಾದ ಬ್ರೆಡ್ಡು, ಜಾಮು, ಬೆಳಗ್ಗೆ ಆರಕ್ಕೆ ಮಾಡಿ ಮಧ್ಯಾಹ್ನಕ್ಕೆ ಹಗ್ಗವಾದ ನೂಡಲ್ಸು, ಎಲ್ಲೋ ಒಂದರಲ್ಲಿ ಚಪಾತಿ ಪಲ್ಯ. ಸೊಪ್ಪಿನ ಸುಳಿವು ತೀರ ಕಡಮೆ. ಈಚೆಯ ಬಟ್ಟಲಲ್ಲಿ ಹೊಗೆಯಾಡುವ ಅನ್ನ, ಬೇಳೆಯ ಸಾರು, ನುಗ್ಗೆಸೊಪ್ಪು, ಮೊಟ್ಟೆ. ಯಾವ ವೈದ್ಯನನ್ನು ಕೇಳಿದರೂ ಈಚೆಗೇ ಕೈತೋರಿಸುವನು. ಆದರೆ ನಾಚಿಕೆಯೂ ಈಚೆಗೇ ಬಂದು ಕೂತಿದೆ. ನಮ್ಮ ಭಾಷೆಯ ಪಾಡೂ ಇದೇ ಅಲ್ಲವೆ ಎಂದು ನನಗೆ ಅನಿಸದೆ ಇರಲಿಲ್ಲ.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಕಥೆ ಬರುತ್ತದೆ. ತೀರಿಕೊಂಡಳೆಂದು ಮನೆಯವರು ಅಳುತ್ತಿದ್ದ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸುತ್ತಾನೆ. ಅವಳ ವಯಸ್ಸು ಹನ್ನೆರಡು. ಸುವಾರ್ತೆಯೇ ಅದನ್ನು ಎಚ್ಚರದಿಂದ ಹೇಳಿದೆ. ಸುತ್ತಲಿದ್ದವರೆಲ್ಲ ಬೆರಗಾಗಿ ನಿಂತಾಗ ಅವನು ಎರಡು ಅಪ್ಪಣೆ ಕೊಡುತ್ತಾನೆ: ಈ ಸಂಗತಿಯನ್ನು ಯಾರಿಗೂ ಹೇಳಕೂಡದು, ಹುಡುಗಿಗೆ ತಿನ್ನಲು ಏನಾದರೂ ಕೊಡಬೇಕು. ಪವಾಡದ ಬೆನ್ನಿಗೇ ಊಟದ ಮಾತು! ಕಥನಕಲೆಯ ದೃಷ್ಟಿಯಿಂದಲೂ ಅದು ಅಪೂರ್ವವಾದ ಘಳಿಗೆ. ಬದುಕಿ ಎದ್ದವಳು ಮೊದಲು ಹಸಿದವಳೆಂಬುದು ಅಲ್ಲಿ ಒಬ್ಬನಿಗಷ್ಟೇ ನೆನಪಾಗಿದೆ. (ನಮ್ಮ ಶಾಲೆಗಳ ಆರೋಗ್ಯ ದಿನಾಚರಣೆಗಳಲ್ಲಿ ಸಾಮಾನ್ಯವಾಗಿ ಈ ಎರಡು ಅಪ್ಪಣೆಗಳೂ ತಲೆಕೆಳಗಾಗುತ್ತವೆ: ಛಾಯಾಚಿತ್ರ ಪತ್ರಿಕೆಗೆ ಹೋಗುತ್ತದೆ, ಹುಡುಗಿಗೆ ಸಿಗುವುದು ಭಾಷಣ.) ಈ ಕಥೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಎಷ್ಟು ವರ್ಷದಿಂದ ಹೇಳುತ್ತಿದ್ದೀರಿ ಎಂದು ಸಿಸ್ಟರನ್ನು ಕೇಳಿದೆ. “ಮೂವತ್ತು ವರ್ಷದಿಂದ” ಎಂದರು. ಸ್ವಲ್ಪ ತಡೆದು, “ಅವಳ ವಯಸ್ಸನ್ನು ಗಮನಿಸಿದ್ದು ಮಾತ್ರ ಈ ಅಡುಗೆಮನೆ ಬಂದ ಮೇಲೆ” ಎಂದರು.

ಅವರು ಮಾಡಿದ್ದು ದೊಡ್ಡದೇನೂ ಅಲ್ಲ. ಎರಡೂ ಶಾಲೆಗೆ ಊಟದ ಗಂಟೆಯನ್ನು ಒಂದೇ ಮಾಡಿಸಿದರು. ಇಗರ್ಜಿಯ ಸಭೆಗಳಿಗೆಂದಿದ್ದ ಚಾವಡಿಯಲ್ಲಿ ಡಬ್ಬಿಯವರೂ ಬಟ್ಟಲಿನವರೂ ಒಂದೇ ಪಂಕ್ತಿಯಲ್ಲಿ ಕೂರುವಂತೆ ಏರ್ಪಡಿಸಿದರು. ಮಕ್ಕಳಿಗೆ ಬಡಿಸುವ ಮುನ್ನ ಶಿಕ್ಷಕರು ಊಟದ ರುಚಿ ನೋಡಬೇಕೆಂಬುದು ನಿಯಮ. ಸಿಸ್ಟರ್ ರುಚಿ ನೋಡುವುದಷ್ಟರಲ್ಲಿ ನಿಲ್ಲಿಸದೆ, ತಾವೂ ಒಂದು ಬಟ್ಟಲು ಹಿಡಿದು ಸಾಲಿನ ಕೊನೆಯಲ್ಲಿ ನಿಂತರು. ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಹುಡುಗಿ ಅವರ ಮುಂದೆ ನಿಂತಿದ್ದಳು. ಬಿಸಿ ಸಾರಿನ ಪರಿಮಳ ಡಬ್ಬಿಯವರ ಕಡೆಗೂ ಹೋಯಿತು. ಕೆಲವರು “ನಮಗೂ ಹಾಕಿ, ಅಕ್ಕಾ” ಎಂದು ಅಡುಗೆಯವರನ್ನು ಕೇಳಿಯೂ ಕೇಳಿದರು. ಆಕೆ ಸಂಕಟದಿಂದ ಸಿಸ್ಟರ ಮುಖ ನೋಡಿದರು. ಹಾಜರಿಯ ಲೆಕ್ಕಕ್ಕೆ ಅಳೆದು ಹಾಕಿದ ಅಕ್ಕಿ. ಹೊರಗಿನ ಶಾಲೆಯವರಿಗೆ ಕೊಡುವಂತಿಲ್ಲ.

ಊಟ ಒಂದೇ ಸರಿಯಾದರೆ ಸಾಲದು. ಮಕ್ಕಳಲ್ಲಿ ಅನೇಕರು ಬೆಳಗ್ಗೆ ಒಂದು ಲೋಟ ಚಾ, ಎರಡು ಬಿಸ್ಕತ್ತಿನ ಮೇಲೆ ಬರುವವರು. ಚಹದ ಒಗರು ಅನ್ನದಲ್ಲಿರುವ ಕಬ್ಬಿಣವನ್ನು ದೇಹಕ್ಕೆ ಸೇರಗೊಡದು. ಒಂದು ಹೋಳು ಲಿಂಬೆಯಾದರೋ ಅದನ್ನು ಕೈಹಿಡಿದು ಒಳಗೆ ಕರೆಯುತ್ತದೆ. ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಒಬ್ಬಳು ವಾಂತಿ ಮಾಡಿದರೆ ಮರುವಾರ ಹತ್ತು ಮಂದಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಾರೆ. ಆದುದರಿಂದ ಇಲ್ಲಿ ಮಾತ್ರೆ ಊಟವಾದ ಮೇಲೆಯೇ, ಟೀಚರ ಕಣ್ಣೆದುರಿಗೇ. ನೀರಿನ ಮಾತು ಇನ್ನೂ ಸೂಕ್ಷ್ಮವಾದುದು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮಲ್ಲಿಯೂ ‘ನೀರಿನ ಗಂಟೆ’ಯ ಮಾತು ಬಂದಿತು. ಗಂಟೆ ಬಾರಿಸಿದರೆ ಹುಡುಗರು ಕುಡಿಯುತ್ತಾರೆ. ಹುಡುಗಿಯರು ತುಟಿ ಒದ್ದೆ ಮಾಡಿಕೊಂಡು ಬಾಟಲಿ ಮುಚ್ಚುತ್ತಾರೆ. ಏಕೆಂದು ತಿಳಿಯಬೇಕಾದರೆ ಶೌಚಾಲಯದ ಬಾಗಿಲಿಗೆ ಅಗಳಿ ಇದೆಯೇ ಎಂದು ನೋಡಬೇಕು. ಇಲ್ಲಿ ಅಗಳಿ ಹಾಕಿಸಿದ ಮೇಲೆ ನೀರಿನ ಕೊಡ ಬೇಗ ಬರಿದಾಗತೊಡಗಿತಂತೆ. ಇನ್ನು ಗೇಟಿನ ಹೊರಗಿನ ಅಂಗಡಿ. ಶಾಲೆಯ ಸುತ್ತ 50 ಮೀಟರಿನೊಳಗೆ ಕೊಬ್ಬು, ಸಕ್ಕರೆ, ಉಪ್ಪು ಅತಿಯಾದ ತಿನಿಸನ್ನು ಮಾರಕೂಡದೆಂದು 2020ರ ನಿಯಮ ಹೇಳುತ್ತದೆ. ನಾನು ಹೆಜ್ಜೆಯಿಂದ ಅಳೆದು ನೋಡಿದೆ: ನಲವತ್ತು ಹೆಜ್ಜೆ. ತೋರಣದಂತೆ ನೇತುಬಿಟ್ಟ ಹೊಳೆಯುವ ಪೊಟ್ಟಣಗಳು ಗಾಳಿಗೆ ಓಲಾಡುತ್ತಿದ್ದವು.

ಈಗ ಆ ಶಾಲೆಯ ಮುಂದಿರುವ ಪ್ರಶ್ನೆ ಬೇರೆ. ಕನ್ನಡ ಮಾಧ್ಯಮದ ಹಾಜರಿಪುಸ್ತಕ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಕೂಲಿಯವರೂ ಸಾಲ ಮಾಡಿ ಮಕ್ಕಳನ್ನು ಅಂಗಳದ ಆಚೆಗೆ ಸೇರಿಸಲು ಬರುತ್ತಾರೆ. ಅವರನ್ನು ದೂರುವ ಅಧಿಕಾರ ನಮಗಿಲ್ಲ, ನಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆಂಬುದು ಅವರಿಗೆ ಗೊತ್ತು. ಆದರೆ ಬಿಸಿಯೂಟ ನಿಂತಿರುವುದು ಶಾಲೆಯ ಹೆಸರಿನ ಮೇಲೆ, ಮಗುವಿನ ಹೆಸರಿನ ಮೇಲಲ್ಲ. ಮೂವತ್ತು ಗಜ ಆಚೆ ಹೋಗಿ ಕುಳಿತ ಅದೇ ಮಗುವಿಗೆ ಹಾಲಿಲ್ಲ, ಮೊಟ್ಟೆಯಿಲ್ಲ, ಅನ್ನವಿಲ್ಲ. ಈಚೆಯ ಶಾಲೆಗೆ ಬೀಗ ಬಿದ್ದ ದಿನ ಒಲೆಯೂ ಆರುತ್ತದೆ.

ಕಳೆದ ಸಲ ಹೋದಾಗ ಬಸಳೆ ಚಪ್ಪರವನ್ನು ಮೀರಿ ಹಬ್ಬಿತ್ತು. ಕಚೇರಿಯಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿ, ಆರನೆಯ ತರಗತಿಗೆ ಹೋಗಬೇಕಾದ ಮಗಳ ವರ್ಗಾವಣೆ ಪತ್ರಕ್ಕಾಗಿ ಕಾದು ನಿಂತಿದ್ದರು. ಸಿಸ್ಟರ್ ಸಹಿ ಹಾಕುವ ಮುನ್ನ ಆಕೆ ತಗ್ಗಿದ ದನಿಯಲ್ಲಿ ಕೇಳಿದರು: “ಅಲ್ಲಿಯೂ ಊಟ ಉಂಟಲ್ಲ, ಸಿಸ್ಟರ್?”

ಸಿಸ್ಟರ್ ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟು, ಆಕೆಗೆ ಕುರ್ಚಿ ತೋರಿಸಿದರು.