ತೊಗರಿ ಬೀಜದೊಳಗಿನ ಪಹಣಿ

ತೊಗರಿ ಹೊಲಕ್ಕೆ ನೆಟೆ ರೋಗ ಬಿದ್ದಾಗ ಎಲ್ಲ ಗಿಡಗಳೂ ಒಟ್ಟಿಗೆ ಒಣಗುವುದಿಲ್ಲ. ಒಂದು ಸಾಲಿನಲ್ಲಿ ಹತ್ತು ಗಿಡ ಜೋತು ಬಿದ್ದರೆ ಅವುಗಳ ಮಧ್ಯೆಯೇ ಒಂದೆರಡು ಗಿಡ ಹಸಿರಾಗಿ, ಕಾಯಿ ಹೊತ್ತು ನಿಂತಿರುತ್ತವೆ. ಮಣ್ಣು ಒಂದೇ, ಮಳೆ ಒಂದೇ, ಬಿತ್ತಿದ ಕೂರಿಗೆ ಒಂದೇ, ಹಾಕಿದ ಗೊಬ್ಬರವೂ ಒಂದೇ. ಹಾಗಾದರೆ ಆ ಗಿಡ ಉಳಿದದ್ದು ಹೇಗೆ? ಬೀದರ್, ಕಲಬುರಗಿ ಕಡೆಯ ರೈತರು ತಲೆತಲಾಂತರದಿಂದ ಕೇಳುತ್ತ ಬಂದ ಈ ಪ್ರಶ್ನೆಗೆ ಉತ್ತರ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಎರಡು ಬಾಣದ ಗುರುತುಗಳಲ್ಲಿದೆ: ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ನಮ್ಮಲ್ಲಿ ಬಹಳ ಜನ ಅದನ್ನು ಎರಡು ಅಂಕದ ಪ್ರಶ್ನೆಯೆಂದು ಬರೆದು ಮರೆತುಬಿಟ್ಟಿದ್ದೇವೆ.

ನಾನು ಓದುತ್ತಿರುವುದು ಬಿಇ. ಈ ವಿಷಯಕ್ಕೂ ನನ್ನ ಪಠ್ಯಕ್ಕೂ ನಂಟು ಕಡಿಮೆ. ಆದರೆ ಹುಮನಾಬಾದ್ ತಾಲ್ಲೂಕಿನ ನಮ್ಮ ದುಬಲಗುಂಡಿಯಂಥ ಊರಲ್ಲಿ ತೊಗರಿ ರಾಶಿಯಾದ ಮೇಲೆಯೇ ಕಾಲೇಜು ಫೀಸು, ಮದುವೆ ಖರ್ಚು, ಸಾಲದ ಕಂತು ಎಲ್ಲದರ ಲೆಕ್ಕ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋದವರ ಕಣ್ಣು ಮೊದಲು ಹುಡುಕುವುದು ತೊಗರಿ ಸಾಲು ಎಲ್ಲೆಲ್ಲಿ ಒಣಗಿದೆ ಎಂಬುದನ್ನು. 2022ರ ಹಂಗಾಮಿನಲ್ಲಿ ಕಲಬುರಗಿ ಭಾಗದಲ್ಲಿ ನೆಟೆ ಎಷ್ಟು ಹಬ್ಬಿತೆಂದರೆ ಸರ್ಕಾರ ಪರಿಹಾರ ಘೋಷಿಸಬೇಕಾಯಿತು.

ನೆಟೆಗೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ, ಹಳೆಯ ತೊಗರಿ ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನ ಮೂಲಕ ಒಳಹೊಕ್ಕು, ನೀರು ಮೇಲೇರುವ ನಾಳಗಳನ್ನು ಕಟ್ಟಿಹಾಕುತ್ತದೆ. ಹೂವು, ಕಾಯಿ ಕಟ್ಟುವ ಹೊತ್ತಿಗೆ, ನೆಲದಲ್ಲಿ ತೇವ ಇದ್ದರೂ ಗಿಡ ನೀರಿಲ್ಲದಂತೆ ಬಾಡುತ್ತದೆ. ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ಉಳಿದ ಗಿಡದ ಬೇರಿಗೂ ಅದೇ ಶಿಲೀಂಧ್ರ ತಾಕಿರುತ್ತದೆ. ವ್ಯತ್ಯಾಸ ಇರುವುದು ಗಿಡದ ಜೀವಕೋಶದೊಳಗೆ ಏನು ಬರೆದಿದೆ ಎಂಬುದರಲ್ಲಿ.

ಅಸಲು ಮತ್ತು ನಕಲು

ಇದನ್ನು ನಮ್ಮೂರಿನವರಿಗೆ ಹೇಳಬೇಕಾದರೆ ಪಹಣಿಯ ಮಾತು ತೆಗೆಯುವುದೇ ಸುಲಭ. ಹೊಲದ ಅಸಲು ದಾಖಲೆ ತಹಶೀಲ್ ಕಚೇರಿಯಲ್ಲಿರುತ್ತದೆ. ಅದನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಬೇಕಾದಾಗ ಬೇಕಾದ ಸರ್ವೆ ನಂಬರಿನದಷ್ಟೇ ನಕಲು ತೆಗೆಸುತ್ತೇವೆ. ಬ್ಯಾಂಕಿನ ಕೆಲಸ, ಬೆಳೆವಿಮೆಯ ಕೆಲಸ ಆ ನಕಲಿನಿಂದ ಆಗುತ್ತದೆ. ಜೀವಕೋಶದಲ್ಲೂ ಹೀಗೆಯೇ. ಡಿಎನ್‌ಎ ಎಂಬ ಅಸಲು ಕೋಶಕೇಂದ್ರದೊಳಗೆ ಭದ್ರವಾಗಿರುತ್ತದೆ. ಬೇಕಾದ ಜೀನಿನ ನಕಲು ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ಅದನ್ನು ಓದಿ ಮಾಡುವ ಕೆಲಸಗಾರನೇ ಪ್ರೋಟೀನ್. ಬೇರು, ಎಲೆ, ಹೂವು ಎಲ್ಲದರಲ್ಲೂ ಇರುವುದು ಒಂದೇ ಡಿಎನ್‌ಎ. ಆದರೆ ಬೇರಿನಲ್ಲಿ ತೆಗೆಸುವ ನಕಲು ಬೇರೆ, ಹೂವಿನಲ್ಲಿ ತೆಗೆಸುವ ನಕಲು ಬೇರೆ. ಅದಕ್ಕೇ ಬೇರು ಬೇರಾಗಿ, ಹೂವು ಹೂವಾಗಿ ಇರುತ್ತದೆ.

ಡಿಎನ್‌ಎಯ ಲಿಪಿಗೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಆರ್‌ಎನ್‌ಎ ನಕಲಿನಲ್ಲಿ ಟಿ ಇರುವಲ್ಲಿ ಯು ಬರುತ್ತದೆ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಅದಕ್ಕೆ ಕೋಡಾನ್ ಎಂದು ಹೆಸರು. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಪದಗಳು 64 ಆಗುತ್ತವೆ. ಅವುಗಳಲ್ಲಿ 61 ಪದಗಳು ಒಂದೊಂದು ಅಮೈನೊ ಆಮ್ಲವನ್ನು ಸೂಚಿಸಿದರೆ, ಉಳಿದ ಮೂರು 'ಇಲ್ಲಿಗೆ ನಿಲ್ಲಿಸು' ಎನ್ನುತ್ತವೆ. ರೈಬೋಸೋಮ್ ಎಂಬ ಯಂತ್ರ ಈ ನಕಲನ್ನು ಓದುತ್ತ, ಹೂವು ಪೋಣಿಸಿದಂತೆ ಅಮೈನೊ ಆಮ್ಲಗಳನ್ನು ಪೋಣಿಸುತ್ತದೆ. ಆ ಮಾಲೆ ಮಡಚಿಕೊಂಡು ತನ್ನ ಆಕಾರ ಪಡೆದಾಗ ಪ್ರೋಟೀನ್ ಸಿದ್ಧ.

ಈ ಲಿಪಿಯನ್ನು ಬಿಡಿಸಿದ್ದು 1961ರಿಂದ 1966ರ ನಡುವೆ. ಮಾರ್ಷಲ್ ನಿರೆನ್‌ಬರ್ಗ್ ಮತ್ತು ಪಂಜಾಬಿನಲ್ಲಿ ಹುಟ್ಟಿದ ಹರಗೋಬಿಂದ್ ಖೊರಾನಾ ಅದರಲ್ಲಿ ಪ್ರಮುಖರು. ರಾಬರ್ಟ್ ಹಾಲಿ ಜೊತೆ ಅವರಿಗೆ 1968ರಲ್ಲಿ ನೊಬೆಲ್ ಬಂತು. ರೈಬೋಸೋಮಿನ ರಚನೆ ತೋರಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದವರಲ್ಲಿ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ನಮ್ಮ ರಾಜ್ಯಕ್ಕೂ ಇದರಲ್ಲಿ ನಂಟಿದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯನ್ನು ಕಟ್ಟಿದ ಒಬೈದ್ ಸಿದ್ದಿಖಿ ಅವರು 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಕೆಲಸ, 'ನಿಲ್ಲಿಸು' ಎನ್ನುವ ಪದಗಳನ್ನು ಗುರುತಿಸಲು ದಾರಿ ಮಾಡಿಕೊಟ್ಟಿತು.

ರೊಟ್ಟಿ-ಬೇಳೆಯ ಲೆಕ್ಕ

ಬೇಳೆ ತಿಂದರೆ ತೊಗರಿಯ ಪ್ರೋಟೀನ್ ನೇರವಾಗಿ ನಮ್ಮ ಮೈಗೆ ಅಂಟಿಕೊಳ್ಳುವುದಿಲ್ಲ. ಹೊಟ್ಟೆಯಲ್ಲಿ ಆ ಮಾಲೆ ಬಿಡಿಬಿಡಿ ಮಣಿಗಳಾಗುತ್ತದೆ. ಆ ಮಣಿಗಳನ್ನು ನಮ್ಮ ಜೀವಕೋಶಗಳು ನಮ್ಮ ಡಿಎನ್‌ಎ ಹೇಳಿದ ಕ್ರಮದಲ್ಲಿ ಮತ್ತೆ ಪೋಣಿಸುತ್ತವೆ. ಕಚ್ಚಾ ಸಾಮಗ್ರಿ ತೊಗರಿಯದು, ಕ್ರಮ ನಮ್ಮದು.

ನಮ್ಮ ಜೀವಕೋಶ ಪ್ರತಿಯೊಂದು ಪ್ರೋಟೀನ್ ಕಟ್ಟಲು ಶುರು ಮಾಡುವುದು ಎಯುಜಿ ಎಂಬ ಪದದಿಂದ. ಅದರ ಅರ್ಥ ಮೆಥಿಯೋನಿನ್. ಈ ಮಣಿಯನ್ನು ನಮ್ಮ ದೇಹ ತಾನೇ ತಯಾರಿಸಲಾರದು, ಊಟದಿಂದಲೇ ಬರಬೇಕು. ತೊಗರಿಯಲ್ಲಿ ಐದನೇ ಒಂದು ಭಾಗದಷ್ಟು ಪ್ರೋಟೀನ್ ಇದ್ದರೂ ಮೆಥಿಯೋನಿನ್ ಕಡಿಮೆ. ಜೋಳದಲ್ಲಿ ಲೈಸಿನ್ ಎಂಬ ಇನ್ನೊಂದು ಮಣಿ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ಜೋಳದ ರೊಟ್ಟಿ ಜೊತೆ ಬೇಳೆ ಹಾಕಿದ ಪುಂಡಿಪಲ್ಲೆ ತಿನ್ನುವವರಿಗೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಕೋಡಾನ್ ಹೆಸರು ಕೇಳದೆಯೇ ನಮ್ಮ ಅಡುಗೆಮನೆ ಈ ಲೆಕ್ಕ ಸರಿಮಾಡಿತ್ತು.

ಒಂದು ಅಕ್ಷರ ಬದಲಾದರೆ

ಇಷ್ಟು ಉದ್ದದ ಬರಹದಲ್ಲಿ ಒಂದು ಅಕ್ಷರ ಆಚೀಚೆಯಾದರೆ ಏನಾದೀತು? ಬಹಳ ಸಲ ಏನೂ ಆಗುವುದಿಲ್ಲ. ಕೆಲವೊಮ್ಮೆ ಬದುಕೇ ಬದಲಾಗುತ್ತದೆ. ರಕ್ತದ ಹಿಮೊಗ್ಲೋಬಿನ್ ಮಾಡುವ ಒಂದು ಜೀನಿನಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಆದರೆ, ಮಾಲೆಯಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಇದೇ ಬದಲಾದ ಜೀನ್ ಬಂದ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಅದೇ ಸಿಕಲ್ ಸೆಲ್ ರಕ್ತಹೀನತೆ. ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಜನರಲ್ಲಿ ಈ ಕಾಯಿಲೆ ಇದೆ. 2047ರೊಳಗೆ ಇದನ್ನು ನಿರ್ಮೂಲನೆ ಮಾಡುವ ಗುರಿಯ ರಾಷ್ಟ್ರೀಯ ಯೋಜನೆ 2023ರ ಜುಲೈನಲ್ಲಿ ಆರಂಭವಾಗಿದೆ.

ತೊಗರಿಯಲ್ಲೂ ಇಂಥದೇ ಅಕ್ಷರ ವ್ಯತ್ಯಾಸಗಳ ಆಟ. ಗಿಡಗಳಲ್ಲಿ ರೋಗಾಣುವಿನ ಗುರುತು ಹಿಡಿಯುವ ಪ್ರೋಟೀನ್‌ಗಳಿರುತ್ತವೆ. ಅವು ಕಾವಲುಗಾರರಿದ್ದಂತೆ. ಶತ್ರು ಬೇರಿಗೆ ತಾಕಿದ ಕೂಡಲೇ ರಕ್ಷಣೆಗೆ ಬೇಕಾದ ಜೀನ್‌ಗಳ ಆರ್‌ಎನ್‌ಎ ನಕಲುಗಳು ಬೇಗ ಬೇಗ ಹೊರಬೀಳುತ್ತವೆ, ಗಿಡ ತನ್ನ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಾವಲುಗಾರನ ಜೀನಿನಲ್ಲಿ ಅಕ್ಷರ ಬೇರೆಯಿದ್ದರೆ ಅವನಿಗೆ ಶತ್ರುವಿನ ಗುರುತೇ ಸಿಗದಿರಬಹುದು. ಸಾಲಿನಲ್ಲಿ ಒಂದು ಗಿಡ ನಿಲ್ಲುವುದು, ಪಕ್ಕದ ಗಿಡ ಬೀಳುವುದು ಇಂಥ ವ್ಯತ್ಯಾಸಗಳಿಂದ.

ಹಿಂದಕ್ಕೆ ಹೋಗದ ಬಾಣ

ಹೋದ ಹಂಗಾಮಿನಲ್ಲಿ ಊರಿಗೆ ಒಬ್ಬರು ಟಾನಿಕ್ ಮಾರಲು ಬಂದಿದ್ದರು. ನಮ್ಮ ಕಾಕಾ ಬಾಟಲಿ ಕೈಲಿ ಹಿಡಿದು ಕೇಳಿದರು: "ತಮ್ಮಾ, ಇದನ್ನ ಹೊಡದ್ರ ಬೀಜಾನೇ ಗಟ್ಟಿ ಆಗ್ತದಂತ. ಮುಂದಿನ ವರ್ಷ ಅದೇ ಬೀಜ ಬಿತ್ತಿದ್ರ ನೆಟೆ ಬರಂಗಿಲ್ಲಂತ. ಖರೇ ಏನು?"

ಇದಕ್ಕೆ ಉತ್ತರ ಕೊಡುವಂಥ ಮಾತನ್ನು ಫ್ರಾನ್ಸಿಸ್ ಕ್ರಿಕ್ 1957ರಲ್ಲೇ ಹೇಳಿದ್ದರು. ಮಾಹಿತಿ ಒಮ್ಮೆ ಪ್ರೋಟೀನಿಗೆ ಹೋದರೆ ಅಲ್ಲಿಂದ ಹಿಂದಕ್ಕೆ ಬರಲಾರದು ಎಂಬುದು ಅವರ ಸಿದ್ಧಾಂತದ ತಿರುಳು. ಆರ್‌ಎನ್‌ಎಯಿಂದ ಡಿಎನ್‌ಎಗೆ ತಿರುಗಿ ಬರೆಯುವ ವೈರಸ್ಸುಗಳಿವೆ ಎಂಬುದು 1970ರಲ್ಲಿ ಗೊತ್ತಾಯಿತು. ಕೊರೊನಾ ಕಾಲದ ಆರ್‌ಟಿ-ಪಿಸಿಆರ್ ಪರೀಕ್ಷೆ ನಡೆದದ್ದು ಇದೇ ಉಪಾಯದಿಂದ. ಆದರೆ ಪ್ರೋಟೀನನ್ನು ಓದಿ ಡಿಎನ್‌ಎ ಬರೆಯುವ ಯಾವ ವ್ಯವಸ್ಥೆಯೂ ಜೀವಿಗಳಲ್ಲಿ ಕಂಡುಬಂದಿಲ್ಲ.

ಕಾಕಾಗೆ ನಾನು ಹೇಳಿದ್ದು ಇಷ್ಟು: "ಹೊಲ ಎಷ್ಟೇ ಹಸನು ಮಾಡ್ರಿ, ಪಹಣಿದಾಗಿನ ಅಕ್ಷರ ಬದಲಾಗ್ತದೇನ್ರಿ?" ಗೊಬ್ಬರ, ನೀರು, ಟಾನಿಕ್ಕು ಈ ವರ್ಷದ ಗಿಡವನ್ನು ಹುಲುಸಾಗಿಸಬಹುದು. ಅದರ ಬೀಜದಲ್ಲಿ ಇಲ್ಲದ ರೋಗ ನಿರೋಧಕ ಗುಣವನ್ನು ಅವು ಬರೆಯಲಾರವು. ಕಾಕಾ ಬಾಟಲಿ ತಿರುಗಿ ಕೊಟ್ಟರು.

ಹಾಗಾದರೆ ಬೀಜದ ಗುಣ ಸುಧಾರಿಸುವುದು ಹೇಗೆ? ಆಯ್ಕೆಯಿಂದ. ಅಕ್ಷರ ಬದಲಿಸುವ ಬದಲು, ಸರಿಯಾದ ಅಕ್ಷರ ಈಗಾಗಲೇ ಯಾವ ಗಿಡದಲ್ಲಿದೆ ಎಂದು ಹುಡುಕುವುದು. ವಿಜ್ಞಾನಿಗಳು ನೆಟೆ ರೋಗ ತುಂಬಿದ ಮಣ್ಣನ್ನೇ ಬೇಕೆಂದು ಕಾಪಾಡಿಕೊಂಡು, ಅದರಲ್ಲಿ ನೂರಾರು ತಳಿ ಬಿತ್ತಿ, ಬದುಕಿದವನ್ನು ಆರಿಸುತ್ತಾರೆ. ಕರ್ನಾಟಕದಲ್ಲಿ 1986ರಲ್ಲಿ ಬಿಡುಗಡೆಯಾದ 'ಮಾರುತಿ' ಹೀಗೆ ಆಯ್ದು ತೆಗೆದ, ನೆಟೆ ತಡೆಯುವ ತಳಿ. ಆಮೇಲೆ ಬಂದ 'ಆಶಾ' ನೆಟೆಯ ಜೊತೆ ಗೊಡ್ಡು ರೋಗವನ್ನೂ ತಡೆಯುತ್ತದೆ. ಇವು ಬಿಟಿ ಹತ್ತಿಯಂತೆ ಬೇರೆ ಜೀವಿಯ ಜೀನ್ ಸೇರಿಸಿದ ಬೀಜಗಳಲ್ಲ. ಬಿಟಿ ಹತ್ತಿಯಲ್ಲಿರುವುದು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್. ಲಿಪಿ ಎಲ್ಲ ಜೀವಿಗಳಿಗೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹತ್ತಿ ಗಿಡ ಅದನ್ನು ಸಲೀಸಾಗಿ ಓದುತ್ತದೆ. ಮಾರುತಿ, ಆಶಾ ತಳಿಗಳಲ್ಲಿರುವುದು ತೊಗರಿಯದೇ ಅಕ್ಷರ.

ಹೈದರಾಬಾದ್ ರಸ್ತೆಯ ಪಕ್ಕದಲ್ಲಿ

ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸು ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಬರುತ್ತದೆ. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇರುವುದು ಅಲ್ಲಿ. ಆಸ್ಪತ್ರೆಗೆ, ಸಂತೆಗೆ, ಇಂಟರ್‌ವ್ಯೂಗೆ ಹೋಗುವ ನಮ್ಮ ಜನ ಅದರ ಮುಂದೆಯೇ ಹಾದುಹೋಗುತ್ತಾರೆ. ಅಲ್ಲಿನ ಬೀಜ ಸಂಗ್ರಹದಲ್ಲಿ 13 ಸಾವಿರಕ್ಕೂ ಹೆಚ್ಚು ಬಗೆಯ ತೊಗರಿಯಿದೆ. ರಾಜೀವ್ ವಾರ್ಷ್ಣೇಯ ಅವರ ನೇತೃತ್ವದಲ್ಲಿ ಅಲ್ಲಿನ ವಿಜ್ಞಾನಿಗಳು ಬೇರೆ ದೇಶಗಳವರ ಜೊತೆ ಸೇರಿ 2011ರಲ್ಲಿ ಆಶಾ ತಳಿಯ ಡಿಎನ್‌ಎಯನ್ನು ಓದಿ ಪ್ರಕಟಿಸಿದರು. ಅದೇ ವರ್ಷ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ವಿಜ್ಞಾನಿಗಳೂ ತಮ್ಮ ಕರಡು ಹೊರತಂದರು. 11 ಜೋಡಿ ವರ್ಣತಂತುಗಳಲ್ಲಿ ಸುಮಾರು 83 ಕೋಟಿ ಅಕ್ಷರ, ಅಂದಾಜು 48 ಸಾವಿರ ಜೀನ್‌ಗಳು. ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು 20 ಸಾವಿರದ ಆಸುಪಾಸು. ಲೆಕ್ಕದಲ್ಲಿ ತೊಗರಿ ನಮ್ಮನ್ನು ಹಿಂದೆ ಹಾಕಿದೆ! 2017ರಲ್ಲಿ ಇನ್ನೂ 292 ಬಗೆಯ ತೊಗರಿಯನ್ನು ಓದಿ ಹೋಲಿಸಿದ ವರದಿಯೂ ಬಂತು.

ಇದರಿಂದ ರೈತನಿಗೇನು? ಮೊದಲು ಒಂದು ಗಿಡ ನೆಟೆ ತಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಅದು ಹೂ ಬಿಡುವವರೆಗೆ ಕಾಯಬೇಕಿತ್ತು. ರೋಗ ತಡೆಯುವ ಗುಣದ ಜೊತೆ ಬರುವ ಅಕ್ಷರ ಗುರುತುಗಳು ಗೊತ್ತಾದರೆ, ಸಸಿಯ ಎಲೆಯ ಚೂರಿನಿಂದಲೇ ಅದನ್ನು ಅಂದಾಜು ಮಾಡಬಹುದು. ಹೊಸ ತಳಿ ಬರಲು ಹಿಡಿಯುವ ವರ್ಷಗಳು ಕಡಿಮೆಯಾಗುತ್ತವೆ.

ಆದರೆ ಒಳ್ಳೆಯ ತಳಿ ತಂದು ಬಿತ್ತಿದರಷ್ಟೇ ಮುಗಿಯಲಿಲ್ಲ. ತೊಗರಿ ಹೂವಿಗೆ ಜೇನುನೊಣ ಬರುತ್ತವೆ, ಪಕ್ಕದ ಹೊಲದ ಪರಾಗವನ್ನೂ ತರುತ್ತವೆ. ಪಕ್ಕದ್ದು ನೆಟೆಗೆ ಸೋಲುವ ತಳಿಯಾಗಿದ್ದರೆ ಆ ಅಕ್ಷರಗಳು ನಮ್ಮ ಬೀಜಕ್ಕೂ ಸೇರುತ್ತವೆ. ಮನೆಯಲ್ಲೇ ಎತ್ತಿಟ್ಟ ಬೀಜವನ್ನು ವರ್ಷ ವರ್ಷ ಬಿತ್ತುತ್ತ ಹೋದಂತೆ ಅದರ ಗುಣ ಕಲಬೆರಕೆಯಾಗುವುದು ಇದರಿಂದ. ಊರಲ್ಲಿ ಇದಕ್ಕೆ 'ಬೀಜ ಹಳೇದಾತು' ಎನ್ನುತ್ತಾರೆ. ಮಾತು ಸರಿ, ಕಾರಣ ಜೇನಿನ ಕಾಲಿನಲ್ಲಿದೆ.

ಜೂನ್‌ನಲ್ಲಿ ಮಿರಗ ಕೂಡುವ ಮೊದಲು ನಮ್ಮಂಥ ಓದುವ ಹುಡುಗ ಹುಡುಗಿಯರು ಮನೆಯಲ್ಲಿ ಕೆಲವು ಕೆಲಸ ಮಾಡಬಹುದು. ಬೀಜ ಕೊಳ್ಳುವಾಗ ಚೀಲದ ಮೇಲಿನ ತಳಿಯ ಹೆಸರು ಓದಿ, ನೆಟೆ ತಡೆಯುತ್ತದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳುವುದು. ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ ಎಂದು ನೋಡುವುದು. ಬೀಜಕ್ಕೆ ಟ್ರೈಕೋಡರ್ಮಾ ಸವರುವುದು. ನೆಟೆ ಬಿದ್ದ ಹೊಲಕ್ಕೆ ಮತ್ತೆ ತೊಗರಿಯನ್ನೇ ಬಿತ್ತದೆ ಒಂದು ವರ್ಷ ಜೋಳ ಹಾಕಲು ಹೇಳುವುದು, ಇಲ್ಲವೇ ಜೋಳದ ಜೊತೆ ಅಕ್ಕಡಿಯಾಗಿ ಬಿತ್ತುವುದು; ಇದರಿಂದ ನೆಟೆ ಕಡಿಮೆಯಾಗುತ್ತದೆಂದು ಪ್ರಯೋಗಗಳು ತೋರಿಸಿವೆ. ಮನೆಯ ಬೀಜವನ್ನೇ ಇಡುವುದಾದರೆ, ಗೊಬ್ಬರದ ಗುಂಡಿಯ ಪಕ್ಕ ಹುಲುಸಾಗಿ ಬೆಳೆದ ಗಿಡಕ್ಕಿಂತ, ಸುತ್ತ ಎಲ್ಲ ಒಣಗಿದರೂ ನಡುವೆ ನಿಂತ ಗಿಡಕ್ಕೆ ದಾರ ಕಟ್ಟಿ ಗುರುತು ಮಾಡಿ, ರಾಶಿಯ ದಿನ ಅದರ ಕಾಯಿಯನ್ನು ಬೇರೆ ತೆಗೆದಿಡುವುದು.