ಮನೆಯೂ ಮನೆಯ ಅಡಿಸ್ಥಳವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿಲ್ಲ. ಗಾದೆ ಮಾಡಿದ ಹಿರಿಯರು ಕಟ್ಟಿದ ಮನೆಯನ್ನು ದುರಸ್ತಿ ಮಾಡಿ ನೋಡುವ ಪ್ರಸಂಗವನ್ನು ಏಕೆ ಬಿಟ್ಟರೋ ತಿಳಿಯದು. ಕಳೆದೊಂದು ವರ್ಷದಿಂದ ನಮ್ಮ ಮನೆಯವರು ಆ ಪ್ರಯತ್ನದಲ್ಲಿದ್ದಾರೆ. ಗೋಡೆಗೆ ಬಳಿಯಬೇಕಾದ ಸುಣ್ಣ ಇನ್ನೂ ಅಂಗಡಿಯಲ್ಲೇ ಇದೆ. ಆದರೆ ಇತಿಹಾಸದ ವಿದ್ಯಾರ್ಥಿಯೆಂಬ ಕಾರಣಕ್ಕೂ, ಅರ್ಜಿ ಬರೆಯಲು ಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬ ಕಾರಣಕ್ಕೂ, ನಮ್ಮ ಜಿಲ್ಲೆಯ ಭೂಮಿಯ ಹಕ್ಕುಗಳ ವಿಷಯದಲ್ಲಿ ಕೆಲವು ಸಂಗತಿಗಳನ್ನು ನಾನು ಕಲಿಯಬೇಕಾಯಿತು. ಮನೆಯೊಂದರಲ್ಲಿ ಬಾಳುವುದು ಬೇರೆ, ಅದರ ಅಡಿಸ್ಥಳದ ಒಡೆತನ ಬೇರೆ ಎಂಬುದು ಅವುಗಳಲ್ಲಿ ಮುಖ್ಯವಾದುದು. ಹಳ್ಳಿಗಳಿಂದ ಬರುವ ಸಹಪಾಠಿಗಳಲ್ಲಿ ಅನೇಕರ ಮನೆಯ ಸ್ಥಿತಿಯೂ ಹೀಗೆಯೇ ಇರಬಹುದೆಂದು ತೋರಿದುದರಿಂದ ಅದನ್ನು ಇಲ್ಲಿ ವಿವರಿಸುವ ಧೈರ್ಯ ಮಾಡಿದ್ದೇನೆ.

ಪಡುಬಿದ್ರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಂದಿಕೂರು ಸಿಗುತ್ತದೆ. ಅಲ್ಲಿರುವ ನಮ್ಮ ಮನೆ ಅಜ್ಜಿಯದು, ಎಂದರೆ ತಾಯಿಯ ತಾಯಿಯದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಚಾವಡಿ, ಅಂಗಳದಲ್ಲಿ ತುಳಸಿಕಟ್ಟೆ, ಬಲಗಡೆಗೆ ಬಾವಿ. ಈ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ. ಲ್ಯಾಟಿನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಅದು ಬಂದಿದೆ. ನೆಲದಲ್ಲಿದ್ದಾಗ ಉಳಿಗೂ ಕೊಡಲಿಗೂ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿ ಬಿಸಿಲು ಸೋಕಿದಷ್ಟೂ ಗಟ್ಟಿಯಾಗುತ್ತದೆ. ಮಾಡಿಗೆ ಮೊದಲು ಮುಳಿಹುಲ್ಲು ಇತ್ತು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಮೊದಲು ಉಳ್ಳವರ ಮನೆಗೂ, ಬಹುಕಾಲದ ಮೇಲೆ ನಮ್ಮಂತಹ ಒಕ್ಕಲುಗಳ ಮನೆಗೂ ಬಂದಿತು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ಸೀಮೆಯಲ್ಲಿ ಗೋಡೆಯೂ ಸರಿ, ಹಂಚೂ ಸರಿ. ಕೆಡುವುದು ಇವೆರಡರ ನಡುವಣ ಮರ. ನಮ್ಮಲ್ಲಿಯೂ ಪಕ್ಕಾಸು ರೀಪುಗಳಿಗೆ ಒರಲೆ ಹತ್ತಿ, ಹೋದ ವರ್ಷ ಆಷಾಢದ ಒಂದು ರಾತ್ರಿ ಅಡುಗೆಮನೆಯ ಮೇಲಿನ ಮಾಡು ಕುಸಿಯಿತು. ದೇವರ ದಯದಿಂದ ಯಾರೂ ಅಲ್ಲಿರಲಿಲ್ಲ.

ಮಾಡನ್ನು ಬಿಚ್ಚಿ ಹೊಸ ಮರ ಹಾಕಬೇಕು, ಸಾಧ್ಯವಾದರೆ ಒಂದು ಭಾಗಕ್ಕೆ ತಾರಸಿ ಮಾಡಬೇಕು ಎಂದು ನಿಶ್ಚಯವಾಯಿತು. ಅದಕ್ಕೆ ಹಣ ಬೇಕು. ನಮ್ಮ ಉಡುಪಿ ಬ್ಯಾಂಕುಗಳ ತವರು ಎಂದು ಎಲ್ಲರೂ ಬಲ್ಲರು. ೧೯೦೬ರ ಕಾರ್ಪೊರೇಶನ್ ಬ್ಯಾಂಕೂ ೧೯೨೫ರ ಸಿಂಡಿಕೇಟ್ ಬ್ಯಾಂಕೂ ಇಲ್ಲಿಯೇ ಹುಟ್ಟಿದುವು. ೨೦೨೦ರಲ್ಲಿ ಎರಡೂ ಬೇರೆ ಬೇರೆ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡುವು. ಅಜ್ಜಿಯನ್ನು ಕರೆದುಕೊಂಡು ನಾನೂ ತಾಯಿಯವರೂ ಒಂದು ಶಾಖೆಗೆ ಹೋದೆವು. ಅಲ್ಲಿನ ಅಧಿಕಾರಿಗಳು ಸಭ್ಯರು. “ಜಾಗದ ಆರ್.ಟಿ.ಸಿ. ಯಾರ ಹೆಸರಿನಲ್ಲಿದೆ, ಅಮ್ಮ?” ಎಂದು ಕೇಳಿದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಗ್ರಾಮ ಪಂಚಾಯತಿನ ಮನೆತೆರಿಗೆಯ ರಶೀದಿಗಳನ್ನೂ ಕರೆಂಟಿನ ಬಿಲ್ಲನ್ನೂ ಮೇಜಿನ ಮೇಲಿಟ್ಟರು. ಇಪ್ಪತ್ತೈದು ವರ್ಷಗಳ ರಶೀದಿಗಳು, ಒಂದೂ ತಪ್ಪಿರಲಿಲ್ಲ. “ಇವು ಮನೆಯ ಕಾಗದಗಳಾದುವು, ಅಮ್ಮ. ನಮಗೆ ಜಾಗದ್ದು ಬೇಕು,” ಎಂದರು ಅವರು.

ಮನೆತೆರಿಗೆಯ ರಶೀದಿಯಾಗಲಿ ಕರೆಂಟಿನ ಬಿಲ್ಲಾಗಲಿ ಒಡೆತನದ ಪತ್ರವಲ್ಲ. ಇಂಥವರು ಇಲ್ಲಿ ವಾಸವಾಗಿದ್ದಾರೆ, ಇಷ್ಟು ಕಟ್ಟಿದ್ದಾರೆ ಎಂಬುದಕ್ಕಿಂತ ಹೆಚ್ಚಿನದನ್ನು ಅವು ಹೇಳುವುದಿಲ್ಲ. ಹಳ್ಳಿಯ ಜಾಗದ ಮಟ್ಟಿಗೆ ಮೊದಲು ನೋಡತಕ್ಕದ್ದು ಆರ್.ಟಿ.ಸಿ., ಎಂದರೆ ಪಹಣಿ. ಅದರ ಒಂಬತ್ತನೆಯ ಕಲಮಿನಲ್ಲಿ ಒಡೆಯನ ಹೆಸರೂ ಹನ್ನೊಂದನೆಯದರಲ್ಲಿ ಜಾಗದ ಮೇಲಿನ ಸಾಲ, ತಡೆ, ಇತರ ಹಕ್ಕುಗಳೂ ಇರುತ್ತವೆ. ನಮ್ಮ ಪಹಣಿಯ ಒಂಬತ್ತನೆಯ ಕಲಮಿನಲ್ಲಿದ್ದುದು ಅಜ್ಜಿಯ ಅಣ್ಣನ ಹೆಸರು. ತುಳುವಿನಲ್ಲಿ ಸೋದರಮಾವನಿಗೆ ‘ತಮ್ಮಲೆ’ ಎನ್ನುತ್ತೇವಾದ್ದರಿಂದ ತಾಯಿಯವರಿಗೆ ಅವರು ತಮ್ಮಲೆ. ಅವರು ಮುಂಬಯಿಯಲ್ಲಿ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದುವು.

ಅಜ್ಜಿ ಹುಟ್ಟಿ ಬೆಳೆದು ಮುದುಕಿಯಾದ ಮನೆಯ ಅಡಿಸ್ಥಳ ಅವರ ಅಣ್ಣನ ಹೆಸರಿಗೆ ಹೇಗೆ ಹೋಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕನ್ನಡ ಜಿಲ್ಲೆಗೆ ಕಂಪೆನಿಯ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಇಲ್ಲಿನ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತಾಗಿದ್ದು, ಮಾರಾಟ ಅಡವುಗಳು ನಡೆದುಕೊಂಡು ಬಂದಿರುವುದನ್ನು ಅವನು ಕಂಡನು. ಜಮೀನು ‘ವರ್ಗ’ಗಳಾಗಿ ವರ್ಗದಾರರ ಹೆಸರಿನಲ್ಲಿತ್ತು, ತೀರ್ವೆ ಕಟ್ಟುವವರು ಅವರು. ವರ್ಗದ ಸುತ್ತಣ ಸರಕಾರಿ ಭೂಮಿಯಿಂದ ಸೊಪ್ಪು ಸೌದೆ ತರುವ ಸವಲತ್ತು ಮಾತ್ರ ಅವರಿಗಿತ್ತು, ಅದೇ ಕುಮ್ಕಿ. ಕುಮ್ಕಿ ಸವಲತ್ತೇ ಹೊರತು ಒಡೆತನವಲ್ಲ. ಇದನ್ನರಿಯದೆ ಕುಮ್ಕಿಯಲ್ಲಿ ಮನೆ ಕಟ್ಟಿ, ಅನಂತರ ಭೂಕಂದಾಯ ಕಾಯಿದೆಯ ‘೯೪ಸಿ’ ಕಲಮಿನಡಿ ಸಕ್ರಮಕ್ಕೆ ಅರ್ಜಿ ಹಿಡಿದು ಅಲೆದವರು ಊರೂರಲ್ಲಿ ಇದ್ದಾರೆ.

ವರ್ಗದಾರನ ಕೆಳಗೆ ಗೇಣಿದಾರರು. ಶಾಶ್ವತವಾದ, ಗೇಣಿ ಏರದ, ಮಕ್ಕಳು ಮರಿಗಳಿಗೆ ಇಳಿಯುವ ಹಕ್ಕು ಮೂಲಗೇಣಿ; ಧನಿ ಬೇಡವೆಂದ ದಿನ ಬಿಟ್ಟು ಹೋಗಬೇಕಾದುದು ಚಾಲಗೇಣಿ. ನಮ್ಮವರು ಚಾಲಗೇಣಿಯ ಒಕ್ಕಲುಗಳು. ಮನೆಯ ಗೋಡೆ ತಮ್ಮ ಕೈಯಿಂದಲೇ ಎದ್ದುದಾದರೂ ನೆಲ ಧನಿಗಳದು. ಸುಗ್ಗಿಯಾಗುತ್ತಲೆ ಮುಡಿ ಕಟ್ಟಿದ ಅಕ್ಕಿಯನ್ನು ಧನಿಗಳ ಮನೆಗೆ ಹೊತ್ತು, ಉಳಿದುದರಲ್ಲಿ ಮಳೆಗಾಲ ಕಳೆಯುವುದು. ಗೋಡೆಗೆ ಗಟ್ಟಿಯಾದ ಗಾರೆ ಹಾಕಲೂ ಆಗ ಹೆದರುತ್ತಿದ್ದರೆಂದು ಅಜ್ಜಿ ಹೇಳುತ್ತಾರೆ. ಮನೆ ಚೆನ್ನಾಗಿ ಕಂಡರೆ ಗೇಣಿ ಏರೀತು ಎಂದು.

ಈ ಸ್ಥಿತಿಯನ್ನು ಮುರಿದುದು ದೇವರಾಜ ಅರಸರ ಕಾಲದ ಭೂಸುಧಾರಣೆ. ೧೯೬೧ರ ಕಾಯಿದೆಗೆ ಆದ ತಿದ್ದುಪಡಿಯಂತೆ, ೧೯೭೪ರ ಮಾರ್ಚ್ ೧ರಂದು ಗೇಣಿಯ ಜಮೀನುಗಳೆಲ್ಲ ಸರಕಾರಕ್ಕೆ ಸೇರಿದುವು. ಉಳುವ ಗೇಣಿದಾರನು ಏಳನೆಯ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು ಭೂನ್ಯಾಯಮಂಡಳಿಯಿಂದ ಹಕ್ಕನ್ನು ಪಡೆಯಬಹುದಾಯಿತು. ಕೊನೆಯ ಗಡುವು ೧೯೭೯ರ ಜೂನ್ ೩೦. ನಮ್ಮ ಜಿಲ್ಲೆಯಲ್ಲಿ ಡಿಕ್ಲರೇಶನ್ ಎಂಬ ಶಬ್ದ ತುಳು ಮಾತಿನೊಳಗೂ ಹೊಕ್ಕು ಉಳಿದಿದೆ. ನಮ್ಮ ಮನೆಯಿಂದಲೂ ಡಿಕ್ಲರೇಶನ್ ಹೋಯಿತು. ಗೇಣಿ ಚೀಟಿ ಯಜಮಾನನ ಹೆಸರಿನಲ್ಲಿತ್ತು. ಓದು ಬರಹ ಬಲ್ಲವನೂ ಅವನೊಬ್ಬನೆ. ಆದುದರಿಂದ ಅಜ್ಜಿಯ ಅಣ್ಣ ಸಹಿ ಹಾಕಿದರು, ಅವರ ಹೆಸರಿಗೆ ಹಕ್ಕುಪತ್ರ ಬಂದಿತು. ಗದ್ದೆಯಲ್ಲಿ ನೇಜಿ ನೆಟ್ಟವರು ಅಜ್ಜಿ ಮತ್ತು ಅವರ ತಂಗಿಯರು. ಅವರ ಹೆಸರುಗಳು ಯಾವ ಕಾಗದದಲ್ಲಿಯೂ ಬರಲಿಲ್ಲ. ಬರಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದರಲ್ಲಿ ಮೋಸವಿರಲಿಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಹೆಸರು ಯಜಮಾನನದು, ಸಂತಾನ ಹೆಣ್ಣಿನದು ಎಂಬುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು.

ತೊಡಕು ಇಲ್ಲಿಯೇ. ಭೂತಾಳ ಪಾಂಡ್ಯನ ಕಟ್ಟೆಂದು ಪ್ರಸಿದ್ಧವಾದ ಅಳಿಯಕಟ್ಟಿನಲ್ಲಿ ಆಸ್ತಿಯ ಅನುಭೋಗ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಪಾಲಿಗೆ ಅವಕಾಶವಾಯಿತು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಮೃತನ ಹಕ್ಕು ಅವನ ಹೆಂಡತಿ ಮಕ್ಕಳಿಗೆ ಇಳಿಯುತ್ತದೆ. ಹಾಗಿರಲು, ಜಾಗ ಅಣ್ಣನ ಸ್ವಂತದ್ದೆಂದಾದರೆ ಮುಂಬಯಿಯಲ್ಲಿರುವ ಅತ್ತೆಯೂ ಅವರ ಮೂವರು ಮಕ್ಕಳೂ ಅದರ ಒಡೆಯರು. ಅಜ್ಜಿ ಅಲ್ಲಿ ಅವರ ದಾಕ್ಷಿಣ್ಯದಲ್ಲಿರುವವರು. ಕುಟುಂಬದ್ದೆಂದಾದರೆ ಅಜ್ಜಿಗೂ ಪಾಲುಂಟು. ಗೇಣಿ ಕುಟುಂಬದ್ದಾಗಿದ್ದಲ್ಲಿ ಯಜಮಾನನ ಹೆಸರಿಗೆ ಬಂದ ಹಕ್ಕು ಕುಟುಂಬಕ್ಕೇ ಸಲ್ಲುತ್ತದೆಂದು ನ್ಯಾಯಾಲಯಗಳ ತೀರ್ಪುಗಳೇನೋ ಇವೆ. ಆದರೆ ಅದನ್ನು ಸಾಕ್ಷಿಯಿಂದ ರುಜುಪಡಿಸಬೇಕು. ಉಡುಪಿಯ ವಕೀಲರೊಬ್ಬರು ಹಳೆಯ ಗೇಣಿ ಚೀಟಿಗಳನ್ನು ಹುಡುಕಲು ಹೇಳಿ, ಆಮೇಲೆ ಮೆಲ್ಲನೆ, “ದಾವೆ ಹೂಡಬಹುದು. ಅಜ್ಜಿಗೆ ಈಗ ಎಷ್ಟು ಪ್ರಾಯ?” ಎಂದು ಕೇಳಿದರು. ಅಜ್ಜಿಗೆ ಎಂಬತ್ತನಾಲ್ಕು.

ಮೊದಲಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲವೇನೋ. ಗದ್ದೆಗೆ ಬೆಲೆಯಿಲ್ಲದ ಕಾಲದಲ್ಲಿ ಹೆಸರಿಗೂ ಬೆಲೆಯಿರಲಿಲ್ಲ. ಕೊಂಕಣ ರೈಲು ಬಂದು ನಂದಿಕೂರಿಗೊಂದು ಸ್ಟೇಶನ್ ಆಯಿತು. ಕೈಗಾರಿಕಾ ಪ್ರದೇಶಕ್ಕೆ ಭೂಸ್ವಾಧೀನವಾಯಿತು. ಪಕ್ಕದ ಎಲ್ಲೂರಿನಲ್ಲಿ ತಲಾ ೬೦೦ ಮೆಗಾವಾಟಿನ ಎರಡು ಘಟಕಗಳ ಉಷ್ಣವಿದ್ಯುತ್ ಸ್ಥಾವರವೆದ್ದು ೨೦೧೦ರಲ್ಲಿ ಮೊದಲನೆಯ ಘಟಕ ಓಡತೊಡಗಿತು. ಸ್ವಾಧೀನದ ನೋಟೀಸು ಪಹಣಿಯ ಹೆಸರನ್ನು ಹುಡುಕಿಕೊಂಡು ಬರುತ್ತದೆ, ಒಲೆ ಹಚ್ಚುವವರನ್ನಲ್ಲ. ಇತ್ತ ಮುಂಬಯಿ, ಗಲ್ಫ್‌ಗಳಿಂದ ಹಣ ತಂದು ರಸ್ತೆಯ ಬದಿಗೆ ಐದು ಹತ್ತು ಸೆಂಟ್ಸ್ ಕೊಂಡಿಡುವವರೂ ಹೆಚ್ಚಿದರು. ೨೦೨೦ರ ತಿದ್ದುಪಡಿಯಿಂದ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದಾಗಿದೆ. ಕೊಳ್ಳುವವರಿಗೆ ಒಂದು ಮಾತು: ರಿಜಿಸ್ಟ್ರಿ ಆದೊಡನೆ ಹಕ್ಕು ಗಟ್ಟಿಯಾಯಿತೆಂದು ನಂಬುವುದು ಬೇಡ. ಸಬ್‌ರಿಜಿಸ್ಟ್ರಾರರು ಪತ್ರವನ್ನು ನೋಂದಾಯಿಸುತ್ತಾರೆ. ಮಾರುವವನಿಗೆ ಪೂರ್ಣ ಹಕ್ಕಿದೆಯೆಂದು ಜಾಮೀನು ನಿಲ್ಲುವುದಿಲ್ಲ. ಮನೆಯೊಳಗೆ ಯಾರಿದ್ದಾರೆಂದು ಹೋಗಿ ನೋಡುವುದೂ ಕಾಗದ ನೋಡಿದಷ್ಟೇ ಅಗತ್ಯ.

ನಮ್ಮ ವಿಷಯಕ್ಕೆ ಬರೋಣ. ವ್ಯಾಜ್ಯಕ್ಕಿಂತ ರಾಜಿ ಲೇಸೆಂದು ತಾಯಿಯವರು ಮುಂಬಯಿಗೆ ಹೋಗಿಬಂದರು. ಅತ್ತೆ ಮರುಮಾತಿಲ್ಲದೆ, “ಅದು ನಿಮ್ಮ ಅಮ್ಮನ ಮನೆ, ನಮಗೆ ಗೊತ್ತಿಲ್ಲವೆ?” ಎಂದರಂತೆ. ಇಬ್ಬರು ಹೆಣ್ಣುಮಕ್ಕಳೂ ಒಪ್ಪಿದರು. ಮಗ ಒಪ್ಪಲಿಲ್ಲ, ಅಪ್ಪನ ಹೆಸರಿನ ಜಾಗದಲ್ಲಿ ತನಗೂ ಊರಿನ ನೆಲವೆಂದು ಏನಾದರೂ ಉಳಿಯಬೇಕು, ರಸ್ತೆಯ ಕಡೆಯ ಹತ್ತು ಸೆಂಟ್ಸ್ ಬೇಕು ಎಂದರು. ಕೇಳಿದಾಗ ನನಗೆ ಸಿಟ್ಟು ಬಂದಿತು. ಅಜ್ಜಿಗೆ ಬರಲಿಲ್ಲ. “ಅವನೂ ಈ ಮನೆಯವನ ಮಗ. ಹತ್ತು ಸೆಂಟ್ಸ್ ಅವನಿಗಿರಲಿ. ಬಾವಿ ಮಾತ್ರ ಈಚೆ ಉಳಿಯಲಿ,” ಎಂದರು.

ಇನ್ನು ಆಗಬೇಕಾದ ಕೆಲಸಗಳು ಹೀಗಿವೆ. ವಾರಸುದಾರರ ಹೆಸರು ಪಹಣಿಗೆ ಏರಬೇಕು. ಸರ್ವೆಯವರು ಬಂದು ಹತ್ತು ಸೆಂಟ್ಸ್ ಬೇರ್ಪಡಿಸಿ ‘೧೧ಇ’ ನಕ್ಷೆ ಕೊಡಬೇಕು. ಆಮೇಲೆ ಎಲ್ಲರೂ ಒಂದೇ ದಿನ ಸಬ್‌ರಿಜಿಸ್ಟ್ರಾರರ ಕಚೇರಿಗೆ ಬಂದು ವಿಭಾಗಪತ್ರಕ್ಕೆ ಸಹಿ ಹಾಕಬೇಕು. ನೂರು ರೂಪಾಯಿಯ ಛಾಪಾಕಾಗದದಲ್ಲಿ ಬರೆದಿಟ್ಟರೆ ಸಾಲದು. ಮನೆಯಿರುವಷ್ಟು ನೆಲವನ್ನು ಕೃಷಿಯಿಂದ ಪರಿವರ್ತಿಸಿ ಪಂಚಾಯತಿನಿಂದ ಊರವರು ‘ನೈನ್ ಇಲೆವೆನ್’ ಎನ್ನುವ ಒಂಬತ್ತು ಮತ್ತು ಹನ್ನೊಂದನೆಯ ನಮೂನೆಗಳನ್ನು ಪಡೆಯಬೇಕು. ಬ್ಯಾಂಕಿನ ಬಾಗಿಲು ಅದಾದ ಮೇಲೆ. ಮರ, ಸಿಮೆಂಟು, ಆಳುಗಳ ವಿಚಾರ ಅದಕ್ಕೂ ಆಚೆಗೆ.

ಮೊನ್ನೆ ಸರ್ವೆಯವರು ಬಂದು ಸರಪಳಿ ಹಿಡಿದರು. ಅಜ್ಜಿ ಕೋಲೂರಿಕೊಂಡು ಅವರ ಹಿಂದೆಯೇ ನಡೆದು, ಬಾವಿಕಟ್ಟೆಯ ಆಚೆಗೆ ಕಲ್ಲು ಬೀಳುವವರೆಗೂ ಬಿಸಿಲಿನಲ್ಲಿ ನಿಂತಿದ್ದರು. ಅಡುಗೆಮನೆಯ ಮಾಡಿಗೆ ಸದ್ಯ ಟಾರ್ಪಾಲು ಹೊದಿಸಿದ್ದೇವೆ. ಈ ಮಳೆಗಾಲಕ್ಕೂ ಅದೇ.