ಹಳೆಯ ಗರಗಸ ಯಂತ್ರ: ರಿಪೇರಿಯೋ, ಹೊಸದೋ?

ಸದಸ್ಯ ಬಂಧುಗಳು ಈಚೆಗೆ ನಮ್ಮನ್ನು ಪದೇ ಪದೇ ಕೇಳುತ್ತಿರುವ ಪ್ರಶ್ನೆ ಚೈನ್ ಸಾ ಕುರಿತದ್ದು. ಹತ್ತು ಹನ್ನೆರಡು ವರ್ಷ ದುಡಿದ ಯಂತ್ರವನ್ನು ರಿಪೇರಿ ಮಾಡಿಸುವುದೋ, ಹೊಸದನ್ನೇ ಕೊಳ್ಳುವುದೋ? ಸಿಲ್ವರ್ ಓಕ್ ನೆರಳಿನ ಕಾಫಿ ತೋಟದವರಿಗಿಂತ ಹೆಚ್ಚಾಗಿ ಈ ಸಲ ಕೇಳಿದವರು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಜಮೀನುಳ್ಳವರು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಅಲ್ಲಿ ತೋಪು ತೆಗೆಸುವವರು ಹೆಚ್ಚಿದ್ದಾರೆ. ಜೊತೆಗೆ ಮುದಿ ಮಾವಿನ ಮರಗಳನ್ನು ಸವರಿ ಚಿಗುರಿಸುವ ಕೆಲಸವೂ ಇದೆ.

ಚೈನು, ಬಾರು, ಸ್ಪ್ರಾಕೆಟ್, ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಕೊಳವೆ ಇವೆಲ್ಲ ಸವೆಯುವುದಕ್ಕೆಂದೇ ಇರುವ ವಸ್ತುಗಳು. ಇವುಗಳ ಖರ್ಚನ್ನು ರಿಪೇರಿ ಎಂದು ಲೆಕ್ಕ ಹಾಕಬಾರದು. ನೋಡಬೇಕಾದ್ದು ಎಂಜಿನ್ನಿನ ಕಸುವು. ಯಂತ್ರ ನಿಲ್ಲಿಸಿ, ಸ್ಟಾರ್ಟರ್ ಹಗ್ಗದ ಹಿಡಿಯಿಂದ ಅದನ್ನು ತೂಗುಬಿಡಿ. ತಡೆತಡೆದು ನಿಧಾನವಾಗಿ ಇಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಪಿಸ್ಟನ್, ರಿಂಗ್ ಸವೆದಿವೆ. ಅಂಥ ರಿಪೇರಿಗೆ ಹೊಸ ಯಂತ್ರದ ಅರ್ಧ ಬೆಲೆ ಮೀರುವುದಾದರೆ ಕೈಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಹಳೆಯ ಎಂಜಿನ್ನಿಗೆ ಉದ್ದನೆಯ ಬಾರ್ ಹಾಕಿಸಿ 'ದೊಡ್ಡದು' ಮಾಡಿಕೊಳ್ಳುವ ಉಪಾಯವೂ ಚಾಲ್ತಿಯಲ್ಲಿದೆ. ಇದು ಬೇಡ. ಎಂಜಿನ್ ಏದುಸಿರು ಬಿಡುತ್ತದೆ, ಆಯಿಲ್ ಪಂಪು ಬಾರಿನ ತುದಿಯವರೆಗೆ ಸಾಕಷ್ಟು ಎಣ್ಣೆ ಒದಗಿಸಲಾರದು.

ಕಂಪ್ರೆಷನ್ ಎಷ್ಟೇ ಚೆನ್ನಾಗಿದ್ದರೂ ಚೈನ್ ಬ್ರೇಕ್ ಕೆಲಸ ಮಾಡದ ಯಂತ್ರವನ್ನು ಕೈಗೆತ್ತಿಕೊಳ್ಳಬಾರದು. ಓಡುತ್ತಿರುವಾಗ ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಗುಲಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಒದೆಯುತ್ತದೆ. ಮಾಲೂರಿನ ಹತ್ತಿರದ ತೋಪೊಂದರಲ್ಲಿ ಹೀಗೆ ಒದ್ದ ಯಂತ್ರ ಕೆಲಸಗಾರನೊಬ್ಬನ ಭುಜ ಸೀಳಿದ್ದನ್ನು ನಾವು ಕಂಡಿದ್ದೇವೆ. ಬ್ರೇಕಿನ ಹಿಡಿ ಮುರಿದು ಎರಡು ವರ್ಷವಾಗಿತ್ತಂತೆ. ಯಂತ್ರ ಮಾತ್ರ ಚೆನ್ನಾಗಿ ಓಡುತ್ತಿತ್ತೆಂದು ಮಾಲೀಕರು ಹೇಳಿದರು! ಆತ ಮೂರು ತಿಂಗಳು ಕೂಲಿಗೆ ಹೋಗಲಿಲ್ಲ. ಚೈನ್ ಬ್ರೇಕ್ 1970ರ ದಶಕದಲ್ಲೇ ಬಂದ ಏರ್ಪಾಡು. ಅದಿಲ್ಲದ ಅಥವಾ ಅದನ್ನು ಸರಿಪಡಿಸಲಾಗದ ಯಂತ್ರಕ್ಕೆ ಒಂದು ರೂಪಾಯಿಯೂ ದಂಡ.

ಈಗಿನ ಪೆಟ್ರೋಲಿನ ವಿಚಾರವನ್ನೂ ಹೇಳಬೇಕು. ಅದರಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ; ಹಳೆಯ ಕಾರ್ಬುರೇಟರಿನ ಡಯಾಫ್ರಾಮನ್ನೂ ರಬ್ಬರ್ ಕೊಳವೆಯನ್ನೂ ಕೆಡಿಸುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಟ್ಯಾಂಕ್ ಖಾಲಿ ಮಾಡಿ, ಯಂತ್ರ ತಾನಾಗಿ ನಿಲ್ಲುವವರೆಗೆ ಓಡಿಸಿರಿ. ಎಣ್ಣೆಯ ಪ್ರಮಾಣ ಯಂತ್ರದ ಪುಸ್ತಕದಲ್ಲಿರುವಂತೆಯೇ ಇರಲಿ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್. ಕಣ್ಣಂದಾಜು ಸಲ್ಲದು.

ಇನ್ನು ನೀಲಗಿರಿ ತೆಗೆಸುವವರ ಮಾತು. ಬುಡ ಉಳಿದರೆ ಅದು ಮತ್ತೆ ಚಿಗುರುತ್ತದೆ. ಬೇರು ಕೀಳಲು ಹೇಗೂ ಜೆಸಿಬಿ ಬೇಕು. ನೆಲಮಟ್ಟಕ್ಕೆ ಕೊಯ್ಯಹೋದರೆ ಆ ಕೆಂಪು ಮಣ್ಣಿನ ಮರಳು ಚೈನಿನ ಹಲ್ಲನ್ನು ನಿಮಿಷದಲ್ಲಿ ಮೊಂಡು ಮಾಡುತ್ತದೆ. ಒಂದೇ ಸಲದ ಈ ಕೆಲಸಕ್ಕೆ ದೊಡ್ಡ ಯಂತ್ರ ಕೊಳ್ಳುವುದು ವ್ಯರ್ಥ, ಬಾಡಿಗೆಗೆ ತನ್ನಿ. ಮಾವು ಸವರುವುದು ಹಾಗಲ್ಲ, ವರ್ಷವರ್ಷವೂ ಇರುವಂಥದು. ಅದಕ್ಕೆ 40 ಸಿಸಿ ಆಸುಪಾಸಿನ, 16 ಅಂಗುಲ ಬಾರಿನ ಹಗುರ ಯಂತ್ರ ಸಾಕು. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ತೊಗಟೆ ಸೀಳುವುದಿಲ್ಲ. ಗಾಯಕ್ಕೆ ಬೋರ್ಡೋ ಪೇಸ್ಟ್ ಬಳಿಯುವುದು ನಮ್ಮ ಕಾಫಿ, ಅಡಿಕೆಯವರಿಗೆ ಗೊತ್ತಿರುವುದೇ.

ಹೊಸದನ್ನು ಕೊಂಡವರು ಬ್ರೇಕ್ ಕೆಟ್ಟ ಹಳೆಯದನ್ನು ದಯವಿಟ್ಟು ಕೆಲಸದಾಳಿಗೆ ಬಿಟ್ಟಿಯಾಗಿ ಕೊಡಬೇಡಿರಿ. ಬಿಡಿಭಾಗ ಕಳಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕಿರಿ.